ಬೈಕಂಪಾಡಿ ಸುತ್ತಿನ ಮಕ್ಕಳ ರಕ್ತವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ

ಮಾನ್ಯ ದಕ್ಷಿಣ ಕನ್ನಡ ಜಿಲ್ಲಾಧಿಕಾರಿಯವರಿಗೆ ನಮಸ್ಕಾರ.

ನಾನು ಮಂಗಳೂರಿನ ಕೂಳೂರು ಮತ್ತು ಬೈಕಂಪಾಡಿಯ ನಡುವಿನ ಒಂದು ಅನುದಾನಿತ ಶಾಲೆಯಲ್ಲಿ 18 ವರ್ಷದಿಂದ ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಈ ಪತ್ರದಲ್ಲಿ ಕೇಳುವುದು ಒಂದೇ ವಿಷಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಣಂಬೂರು, ಬೈಕಂಪಾಡಿ, ಜೋಕಟ್ಟೆ, ತೋಕೂರು, ಕಳವಾರು, ಕೂಳೂರು, ತಣ್ಣೀರುಬಾವಿ ಕಡೆಯ ಆರು ವರ್ಷದೊಳಗಿನ ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಬಂದ ಲೆಕ್ಕವನ್ನು ಅಪ್ಪ ಅಮ್ಮನಿಗೆ ತಿಳಿಸಿ. ಜಾಸ್ತಿ ಬಂದ ಮಗುವಿನ ಮನೆಗೆ ಯಾರು ಹೋಗಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ.

ಇದನ್ನು ಕೇಳುವುದಕ್ಕೆ ಒಬ್ಬ ಹುಡುಗ ಕಾರಣ.

ಅವನ ಹೆಸರು ಇಲ್ಲಿ ಬೇಡ. ಎರಡನೇ ಕ್ಲಾಸು. ಅಪ್ಪ ಅಮ್ಮ ಬಾಗಲಕೋಟೆ ಕಡೆಯಿಂದ ಕೆಲಸಕ್ಕೆ ಬಂದವರು. ಅಪ್ಪನಿಗೆ ಗುಜರಿ ಅಂಗಡಿಯಲ್ಲಿ ಕೆಲಸ, ಅಂಗಡಿಯ ಹಿಂದಿನ ತಗಡಿನ ಶೆಡ್ಡೇ ಮನೆ. ಒಂದನೇ ಕ್ಲಾಸಿನಲ್ಲಿ ಹುಡುಗ ತುಂಬಾ ಚುರುಕಾಗಿದ್ದ. ಮಕ್ಕಳ ಜೊತೆ ಆಡಿ ಆಡಿ ಆರು ತಿಂಗಳಲ್ಲಿ ತುಳು ಕಲಿತುಬಿಟ್ಟಿದ್ದ. ಎರಡನೇ ಕ್ಲಾಸಿಗೆ ಬರುವಾಗ ಸಪ್ಪಗಾಗಿದ್ದ. ಆಗಾಗ ಹೊಟ್ಟೆನೋವು ಅನ್ನುತ್ತಿದ್ದ. ನಿನ್ನೆ ಓದಿದ ಕಾಗುಣಿತ ಇವತ್ತು ಮರೆತಿರುತ್ತಿತ್ತು. ಬಳಪ ಕೊಟ್ಟರೆ ಅರ್ಧ ತಿಂದು ಮುಗಿಸುತ್ತಿದ್ದ. ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕುತ್ತಿದ್ದ. ನಾನು ಬೈದೆ. ಉದಾಸೀನ ಅಂತ ತಿಳಿದು ತುಂಬಾ ಸಲ ಬೈದೆ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ರಕ್ತ ಕಡಿಮೆ ಅಂತ ಕಬ್ಬಿಣದ ಸಿರಪ್ ಕೊಟ್ಟರು. ಮೂರು ತಿಂಗಳಾದರೂ ಏರಲಿಲ್ಲ. ಆಮೇಲೆ ಮಕ್ಕಳ ಡಾಕ್ಟರೊಬ್ಬರು ಹುಡುಗನನ್ನು ನೋಡಿ, ಪಕ್ಕದಲ್ಲಿ ನಿಂತಿದ್ದ ಅಪ್ಪನ ಕೈಯನ್ನೂ ನೋಡಿದರು. ಉಗುರಿನ ಸಂದಿಯಲ್ಲೆಲ್ಲ ಕಪ್ಪು. "ನೀವು ಎಂತ ಕೆಲಸ ಮಾಡುವುದು?" ಅಂತ ಕೇಳಿದರು. ಹಳೆ ಬ್ಯಾಟರಿ ಒಡೆಯುವುದು ಅಂದರು ಅವರು. ಒಡೆದು, ಆಸಿಡ್ ಚೆಲ್ಲಿ, ಒಳಗಿನ ಸೀಸದ ಪ್ಲೇಟುಗಳನ್ನು ಕರಗಿಸುವುದು. ಸೀಸ 327 ಡಿಗ್ರಿಗೇ ಕರಗುತ್ತದೆ. ಅದಕ್ಕೆ ಫರ್ನೇಸ್ ಬೇಡ, ಸೌದೆ ಒಲೆ ಸಾಕು. ಆ ಒಲೆ ಶೆಡ್ಡಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ರಕ್ತ ಪರೀಕ್ಷೆಗೆ ನಾವು ಮೂವರು ಟೀಚರ್‌ಗಳು ಹಣ ಹಾಕಿದೆವು. ಸ್ಯಾಂಪಲ್ ಹೊರಗಿನ ಊರಿಗೆ ಹೋಗಿ ರಿಪೋರ್ಟ್ ಬರಲು ಒಂದು ವಾರ ಹಿಡಿಯಿತು. ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತಕ್ಕೆ 14 ಮೈಕ್ರೋಗ್ರಾಂ ಸೀಸ. 5 ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕ 2021ರಲ್ಲಿ ಆ ಗೆರೆಯನ್ನು 3.5ಕ್ಕೆ ಇಳಿಸಿದೆ. ಇಷ್ಟಿದ್ದರೆ ತೊಂದರೆ ಇಲ್ಲ ಅನ್ನುವ ಮಟ್ಟ ಸೀಸಕ್ಕೆ ಇಲ್ಲವೇ ಇಲ್ಲ.

ಆ ರಿಪೋರ್ಟ್ ಹಿಡಿದು ನಾನು ಎರಡು ಕಚೇರಿಗೆ ಹೋದೆ. ಯಾವುವು ಅಂತ ಬರೆಯುವುದಿಲ್ಲ. ಯಾರಿಗೋ ನೋಟಿಸ್ ಕೊಡಿಸಲಿಕ್ಕೆ ಈ ಪತ್ರ ಬರೆಯುತ್ತಿಲ್ಲ. ಒಂದು ಕಡೆ, ಇದು ಕಾಯಿಲೆಯ ವಿಷಯ ಟೀಚರ್, ನಮಗೆ ಬರುವುದಿಲ್ಲ ಅಂದರು. ಇನ್ನೊಂದು ಕಡೆ, ಇದು ಮಾಲಿನ್ಯದ ವಿಷಯ, ನಮಗೆ ಬರುವುದಿಲ್ಲ ಅಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು, ಕುರ್ಚಿ ಕೊಟ್ಟು ಕೂರಿಸಿದರು. ಅವರು ಸುಳ್ಳು ಹೇಳಿದರು ಅಂತ ನನಗೆ ಅನ್ನಿಸಲಿಲ್ಲ. ಮಗುವಿನ ರಕ್ತದಲ್ಲಿರುವ ಸೀಸ ಯಾರ ಫೈಲಿಗೂ ಸೇರಿದ್ದಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕರೆಯುವ ಅಧಿಕಾರ ಇರುವುದು ನಿಮಗೆ.

ನಾನು ವಿಜ್ಞಾನ ಓದಿದವಳಲ್ಲ. ಆ ರಿಪೋರ್ಟ್ ಬಂದ ಮೇಲೆ ಕೂತು ಓದಿದೆ, ಡಾಕ್ಟರನ್ನು ಪದೇ ಪದೇ ಕೇಳಿದೆ. ಗೊತ್ತಾಗಿದ್ದನ್ನು ಬರೆಯುತ್ತೇನೆ. ಇದನ್ನು ಓದುವ ತಾಯಂದಿರಿಗೂ ಬೇಕು.

ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಬಹುಪಾಲು ಹೊರಗೆ ಹೋಗುತ್ತದೆ. ಮಗುವಿನ ಹೊಟ್ಟೆ ಅದನ್ನು ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಮಗು ನೆಲದ ಮೇಲೇ ಆಡುತ್ತದೆ, ಕೈ ಬಾಯಿಗೆ ಹೋಗುತ್ತಲೇ ಇರುತ್ತದೆ. ಮೈಯಲ್ಲಿ ಕಬ್ಬಿಣ ಕಡಿಮೆ ಇದ್ದರೆ ಇನ್ನೂ ಕಷ್ಟ. ಕಬ್ಬಿಣ ಸಿಗಲಿ ಅಂತ ಕರುಳು ಬಾಗಿಲು ಅಗಲ ತೆರೆದಿಡುತ್ತದೆ, ಅದೇ ಬಾಗಿಲಿಂದ ಸೀಸ ನುಗ್ಗುತ್ತದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮೂರು ಮಕ್ಕಳಲ್ಲಿ ಇಬ್ಬರಿಗೆ ರಕ್ತಹೀನತೆ ಇದೆ. ಅಂದರೆ ಎಷ್ಟೋ ಮಕ್ಕಳ ಬಾಗಿಲು ತೆರೆದೇ ಇದೆ ಅಂತ ಅಲ್ವಾ?

ಒಳಗೆ ಹೋದ ಸೀಸ ರಕ್ತದಲ್ಲಿ ಸ್ವಲ್ಪ ಕಾಲ ಇರುತ್ತದೆ. ಆಮೇಲೆ ಮೂಳೆಗೆ, ಹಲ್ಲಿಗೆ ಸೇರಿಕೊಂಡು ಹತ್ತಾರು ವರ್ಷ ಕೂರುತ್ತದೆ. ಹೆಣ್ಣುಮಗು ಬೆಳೆದು ಬಸುರಿಯಾದಾಗ ಮೂಳೆಯಿಂದ ಮತ್ತೆ ಹೊರಟು ಹೊಟ್ಟೆಯಲ್ಲಿರುವ ಕೂಸಿಗೆ ಹೋಗುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಮಿದುಳಿಗೆ ಆಗುವ ಹಾನಿ ಹೊರಗೆ ಕಾಣುವುದಿಲ್ಲ. ಜ್ವರ ಇಲ್ಲ, ಕೆಮ್ಮು ಇಲ್ಲ. ಮಗು ಸ್ವಲ್ಪ ಮಂಕಾಗುತ್ತದೆ, ಗಮನ ನಿಲ್ಲುವುದಿಲ್ಲ, ಬೇಗ ಸಿಟ್ಟು ಬರುತ್ತದೆ. ನಾವು ಟೀಚರ್‌ಗಳು ಅದಕ್ಕೆ ದಡ್ಡ ಅಂತಲೋ ತುಂಟ ಅಂತಲೋ ಹೆಸರಿಡುತ್ತೇವೆ. ಇನ್ನೂ ಒಂದು ಮಾತು. ಮೊದಲ 10 ಮೈಕ್ರೋಗ್ರಾಂ ಮಾಡುವ ಹಾನಿ ನಂತರದ 10ಕ್ಕಿಂತ ಜಾಸ್ತಿ. ಹಾಗಾಗಿ ಸ್ವಲ್ಪವೇ ಇದೆ ಬಿಡಿ ಅನ್ನುವ ಸಮಾಧಾನಕ್ಕೆ ಇಲ್ಲಿ ಜಾಗ ಇಲ್ಲ.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ.

ನನ್ನ ಅಜ್ಜಿಯ ಮನೆ ಪಣಂಬೂರಿನಲ್ಲಿತ್ತು. ಬಂದರಿಗೆ ಜಾಗ ಹೋಯಿತು, ಕಾಟಿಪಳ್ಳಕ್ಕೆ ಬಂದು ನೆಲೆಸಿದರು. 1975ರಲ್ಲಿ ಬಂದರು ಉದ್ಘಾಟನೆ ಆಯಿತು. ಆಮೇಲೆ ಗೊಬ್ಬರ, ಕಬ್ಬಿಣದ ಅದಿರು, ಕಚ್ಚಾ ತೈಲ, ಕಲ್ಲಿದ್ದಲು ಒಂದರ ಹಿಂದೆ ಒಂದು ಬಂದವು. ನನ್ನ ತಮ್ಮನಿಗೂ ಅಲ್ಲೇ ಕೆಲಸ, ಆ ಸಂಬಳದಿಂದಲೇ ನಮ್ಮ ಮನೆಗೆ ಹಂಚಿನ ಬದಲು ಸ್ಲ್ಯಾಬ್ ಬಂತು. ಹಾಗಾಗಿ ಫ್ಯಾಕ್ಟರಿ ಮುಚ್ಚಿ ಅಂತ ನಾನು ಕೇಳುತ್ತಿಲ್ಲ. ಆದರೆ 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಅಳೆದು 43ನ್ನು ಅತಿ ಮಲಿನ ಅಂತ ಗುರುತಿಸಿದಾಗ, ಆ ಪಟ್ಟಿಯಲ್ಲಿ ಭದ್ರಾವತಿಯ ಜೊತೆ ಮಂಗಳೂರಿನ ಹೆಸರೂ ಇತ್ತು. ಜೋಕಟ್ಟೆ, ಕಳವಾರಿನ ಜನ ಕೋಕ್ ಪುಡಿಯ (ಕಚ್ಚಾ ತೈಲ ಶುದ್ಧ ಮಾಡಿದ ಮೇಲೆ ಉಳಿಯುವ ಕರಿ ಪುಡಿ) ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದಾರೆ. ಫಲ್ಗುಣಿ ನದಿಯಲ್ಲಿ ಮೀನು ಸತ್ತು ತೇಲಿದ್ದನ್ನು ಎಲ್ಲರೂ ನೋಡಿದ್ದಾರೆ. ಕಚ್ಚಾ ತೈಲದಲ್ಲಿರುವ ನಿಕಲ್, ವೆನೇಡಿಯಂ ಕೊನೆಗೆ ಉಳಿಯುವುದು ಕೋಕಿನಲ್ಲೇ. ಕಲ್ಲಿದ್ದಲಿನ ಬೂದಿಯಲ್ಲಿ ಆರ್ಸೆನಿಕ್, ಪಾದರಸ, ಸೀಸ ಮೂರೂ ಇರುತ್ತವೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಇರುವ, ಪಡುಬಿದ್ರಿ ಪಕ್ಕದ ಎಲ್ಲೂರು, ನಂದಿಕೂರಿನ ಕಡೆಯ ಮಕ್ಕಳ ಬಗ್ಗೆ ಉಡುಪಿಯವರು ಇದನ್ನೇ ಕೇಳಬೇಕು.

ಹಾಗಂತ ಎಲ್ಲದಕ್ಕೂ ಚಿಮಣಿಯ ಕಡೆಗೇ ಕೈ ತೋರಿಸುವುದೂ ಸರಿಯಲ್ಲ. ನನ್ನ ಹುಡುಗನ ಸೀಸ ಬಂದದ್ದು ಸೌದೆ ಒಲೆಯಿಂದ. ಅವನ ವಿಷಯ ಗೊತ್ತಾದ ಮೇಲೆ ನನ್ನ ಕಣ್ಣು ಬೇರೆ ಥರ ನೋಡಲು ಶುರು ಮಾಡಿತು. ಒಂದು ದಿನ ಮೂರನೇ ಕ್ಲಾಸಿನ ಹುಡುಗಿಯ ಕಂಪಾಸ್ ಪೆಟ್ಟಿಗೆಯಲ್ಲಿ ಕಡಲೆಕಾಯಿ ಬೀಜದಷ್ಟು ದೊಡ್ಡ ಬೂದು ಬಣ್ಣದ ಗುಂಡು ಸಿಕ್ಕಿತು. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಮೇಲೆ ಹಲ್ಲಿನ ಗುರುತು, ಸಣ್ಣ ಸಣ್ಣ ಹಲ್ಲು. "ಅಪ್ಪನ ಬಲೆದು ಟೀಚರ್" ಅಂದಳು. ಬೀಸುಬಲೆ ಮುಳುಗಲಿ ಅಂತ ಅಂಚಿಗೆ ಕಟ್ಟುವ ಸೀಸದ ಗುಂಡು. ಮೆತ್ತಗಿರುತ್ತದೆ, ಕಚ್ಚಿದರೆ ತಗ್ಗು ಬೀಳುತ್ತದೆ. ಮಕ್ಕಳಿಗೆ ಅದೇ ಆಟ. ನನ್ನ ಮಾವನೂ ಬಲೆ ಕಟ್ಟುವಾಗ ಸೀಸವನ್ನು ಹಲ್ಲಿನಿಂದಲೇ ಒತ್ತುತ್ತಿದ್ದರು. ಯಾರಿಗೂ ಅದು ತಪ್ಪು ಅಂತ ಗೊತ್ತಿರಲಿಲ್ಲ.

ಆ ಗುಂಡು ಈಗ ನನ್ನ ಮೇಜಿನ ಡ್ರಾಯರಿನಲ್ಲಿ, ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ನಿಮ್ಮನ್ನು ಭೇಟಿಯಾಗಲು ಅವಕಾಶ ಸಿಕ್ಕಿದರೆ ತೋರಿಸುತ್ತೇನೆ.

ಬಾವಿಯ ಮಾತೂ ಇದೆ. ನಮ್ಮದು ಮುರಕಲ್ಲಿನ ನೆಲ, ಮೇಲೆ ಬಿದ್ದದ್ದು ಬೇಗ ಕೆಳಗಿಳಿಯುತ್ತದೆ. ಬಾವಿ ನೀರೂ ಸ್ವಲ್ಪ ಆಮ್ಲ ಗುಣದ್ದು. ಅಂಥ ನೀರು ಲೋಹವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಹಿತ್ತಾಳೆ ನಲ್ಲಿಯಿಂದ, ಹಳೆ ಪೈಪಿನ ಜೋಡಣೆಯಿಂದ ಕೂಡ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಸೀಸ ಇರಬಾರದು ಅಂತ ಭಾರತೀಯ ಮಾನಕವೇ ಹೇಳುತ್ತದೆ. ನೀರಿನ ಬಣ್ಣ, ರುಚಿ ನೋಡಿ ಇದನ್ನು ಹೇಳಲು ಯಾರಿಂದಲೂ ಆಗುವುದಿಲ್ಲ. ಇನ್ನು ಮರುವಾಯಿ, ಅಂದರೆ ಹೊಳೆಯ ಚಿಪ್ಪುಮೀನು. ಇಳಿತದ ಹೊತ್ತಿಗೆ ಕೂಳೂರಿನ ಕೆಳಗೆ, ಬೆಂಗ್ರೆ ಕಡೆ ಹೆಂಗಸರೂ ಮಕ್ಕಳೂ ಹೊಳೆಗಿಳಿದು ಬುಟ್ಟಿ ತುಂಬಿಸುತ್ತಾರೆ. ಮರುವಾಯಿ ನೀರನ್ನು ಸೋಸಿ ಬದುಕುವ ಜೀವಿ, ನೀರಿನಲ್ಲಿ ಲೋಹ ಇದ್ದರೆ ತನ್ನ ಮಾಂಸದಲ್ಲಿ ಕೂಡಿಡುತ್ತದೆ, ಮುಖ್ಯವಾಗಿ ಕ್ಯಾಡ್ಮಿಯಂ. ನಮ್ಮ ಹೊಳೆಯ ಮರುವಾಯಿಯಲ್ಲಿ ಇದೆ ಅಂತ ನಾನು ಹೇಳುತ್ತಿಲ್ಲ. ನಾವೂ ತಿನ್ನುತ್ತೇವೆ, ನನಗೂ ಮರುವಾಯಿ ಹಾಕಿ ಪುಂಡಿ (ಅಕ್ಕಿಯ ಉಂಡೆ) ಮಾಡಿ ಮಕ್ಕಳಿಗೆ ಬಡಿಸಬೇಕು. ಪರೀಕ್ಷೆ ಮಾಡಿ ಹೇಳಿ ಅನ್ನುತ್ತಿದ್ದೇನೆ. ಮಂಗಳೂರಿನಲ್ಲೇ ಮೀನುಗಾರಿಕಾ ಕಾಲೇಜು ಇದೆ.

ಇಷ್ಟೊಂದು ದಾರಿ ಇರುವುದರಿಂದಲೇ ನಾನು ರಕ್ತ ಪರೀಕ್ಷೆ ಕೇಳುತ್ತಿರುವುದು. ಹೆಚ್ಚು ಮಾಲಿನ್ಯದ 17 ಬಗೆಯ ಕೈಗಾರಿಕೆಗಳ ಚಿಮಣಿಗೆ 24 ಗಂಟೆ ಅಳೆಯುವ ಯಂತ್ರ ಹಾಕಬೇಕು ಅಂತ 2014ರಲ್ಲೇ ಆದೇಶ ಆಗಿದೆ. ಒಳ್ಳೆಯದೇ. ಆದರೆ ಅದು ದೂಳು, ಗಂಧಕದ ಹೊಗೆ ಅಂಥವನ್ನು ಅಳೆಯುತ್ತದೆ. ಗುಜರಿಯ ಒಲೆ, ಬಲೆಯ ಗುಂಡು, ಅಂಗಳದ ಮಣ್ಣು, ಬಾವಿ ನೀರು, ಅಪ್ಪನ ಅಂಗಿಗೆ ಅಂಟಿ ಮನೆಗೆ ಬಂದ ಪುಡಿ, ಇವನ್ನು ಆ ಯಂತ್ರ ನೋಡುವುದಿಲ್ಲ. ಎಲ್ಲ ದಾರಿಯಿಂದ ಬಂದದ್ದೂ ಕೊನೆಗೆ ಸೇರುವ ಜಾಗ ಒಂದೇ, ಮಗುವಿನ ರಕ್ತ. ಅಳೆಯುವುದಾದರೆ ಅಲ್ಲೇ ಅಳೆಯಬೇಕು.

ಅಮೆರಿಕದ ಫ್ಲಿಂಟ್ ಪಟ್ಟಣದಲ್ಲಿ 2014ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಮೂಲ ಬದಲಾಯಿಸಿದರು. ಹೊಸ ನೀರು ಹಳೆ ಪೈಪುಗಳ ಸೀಸವನ್ನು ಕರಗಿಸಿ ತಂದಿತು. ಜನ ನಲ್ಲಿಯಿಂದ ಬಂದ ಕಂದು ನೀರಿನ ಬಾಟಲಿ ಹಿಡಿದು ಸಭೆಗೆ ಹೋದರು. ನೀರು ಸರಿ ಇದೆ ಅಂತಲೇ ಅಧಿಕಾರಿಗಳು ಹೇಳಿದರು. 2015ರಲ್ಲಿ ಮೋನಾ ಹನ್ನಾ-ಅಟಿಶಾ ಎಂಬ ಮಕ್ಕಳ ಡಾಕ್ಟರ್ ತಮ್ಮ ಆಸ್ಪತ್ರೆಯ ಕಡತ ತೆರೆದರು. ಅಲ್ಲಿ ಸಣ್ಣ ಮಕ್ಕಳಿಗೆ ಮಾಮೂಲಾಗಿ ಸೀಸದ ಪರೀಕ್ಷೆ ಮಾಡುವ ಕ್ರಮ ಮೊದಲಿನಿಂದಲೂ ಇತ್ತು. ನೀರು ಬದಲಾಗುವ ಮೊದಲಿನ ಲೆಕ್ಕ, ಆಮೇಲಿನ ಲೆಕ್ಕ ಎರಡನ್ನೂ ಪಕ್ಕ ಪಕ್ಕ ಇಟ್ಟರು. ಜಾಸ್ತಿ ಸೀಸ ಇದ್ದ ಮಕ್ಕಳ ಪ್ರಮಾಣ ಸುಮಾರು ಇಮ್ಮಡಿ ಆಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಳೆಯ ನೀರು ವಾಪಸ್ ಬಂತು. ಕಡತ ಇತ್ತು, ಹಾಗಾಗಿ ಆ ಡಾಕ್ಟರ್ ಗೆದ್ದರು. ನಮ್ಮ ಜೋಕಟ್ಟೆಯ ತಾಯಿ ನಾಳೆ ಬಂದು ನನ್ನ ಮಗುವಿಗೆ ಏನೋ ಆಗಿದೆ ಅಂದರೆ ತೆರೆಯಲು ನಮ್ಮಲ್ಲಿ ಯಾವ ಕಡತ ಇದೆ?

ನಮ್ಮ ದೇಶದಲ್ಲೂ ಹೀಗೆ ಅಳೆದ ಉದಾಹರಣೆ ಇದೆ. 1999ರಲ್ಲಿ ಬೆಂಗಳೂರೂ ಸೇರಿ ದೊಡ್ಡ ನಗರಗಳ ಮಕ್ಕಳನ್ನು ಪರೀಕ್ಷಿಸಿದಾಗ ಅರ್ಧಕ್ಕೂ ಜಾಸ್ತಿ ಮಕ್ಕಳಲ್ಲಿ 10 ಮೈಕ್ರೋಗ್ರಾಂ ದಾಟಿತ್ತು. 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಮಕ್ಕಳ ರಕ್ತದಲ್ಲಿ ಸೀಸ ಇಳಿಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ಇದಕ್ಕಾಗಿ ವರ್ಷಗಟ್ಟಲೆ ದುಡಿದರು. ಆದರೂ ಕೆಲಸ ಮುಗಿದಿಲ್ಲ. ಭಾರತದಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ 5 ಮೈಕ್ರೋಗ್ರಾಂ ದಾಟಿದೆ ಅಂತ ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು. ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಹಿತ್ತಲಿನಲ್ಲಿ ಬ್ಯಾಟರಿ ಕರಗಿಸುವುದು.

ಕೆಲಸ ಕಷ್ಟದ್ದಲ್ಲ ಸರ್. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬರಬೇಕು ಅಂತ ಕ್ರಮ ಇದೆ. ಮಕ್ಕಳು ಅದೇ ದಿನ ಸಿಗುತ್ತಾರೆ, ಹೊಸ ಶಿಬಿರ ಬೇಡ. ಬೆರಳ ತುದಿಯ ಎರಡು ಹನಿ ರಕ್ತದಲ್ಲಿ ಮೂರು ನಿಮಿಷಕ್ಕೆ ಸೀಸದ ಲೆಕ್ಕ ತೋರಿಸುವ ಸಣ್ಣ ಯಂತ್ರ ಇದೆ. ಒಂದು ಎಚ್ಚರ ಬೇಕು. ಬೆರಳಿಗೆ ದೂಳು ಅಂಟಿದ್ದರೆ ಲೆಕ್ಕ ಸುಳ್ಳೇ ಏರುತ್ತದೆ. ಹಾಗಾಗಿ ಸೋಪಿನಲ್ಲಿ ಚೆನ್ನಾಗಿ ಕೈ ತೊಳೆಸಬೇಕು, ಜಾಸ್ತಿ ಬಂದರೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಮತ್ತೊಮ್ಮೆ ಖಚಿತ ಮಾಡಿಕೊಳ್ಳಬೇಕು. ವೆನ್ಲಾಕ್ ಆಸ್ಪತ್ರೆ ಇದೆ, ಇಷ್ಟೊಂದು ವೈದ್ಯಕೀಯ ಕಾಲೇಜುಗಳಿವೆ. ಮಣ್ಣು, ನೀರು ನೋಡಲು ಸುರತ್ಕಲ್‌ನಲ್ಲೇ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜು ಇದೆ. ಇಷ್ಟು ಕಲಿತವರು ಇರುವ ಊರಲ್ಲಿ ಇದು ಆಗದಿದ್ದರೆ ಇನ್ನೆಲ್ಲಿ ಆಗಬೇಕು?

ಊರಲ್ಲಿ ಕೆಲವರು ನನಗೆ ಹೇಳಿದ್ದಾರೆ, ಸುಮ್ನೆ ಭಯ ಹುಟ್ಟಿಸಬೇಡಿ ಟೀಚರ್, ಊರಿನ ಹೆಸರು ಕೆಡುತ್ತದೆ ಅಂತ. ಅವರ ಆತಂಕ ನನಗೆ ಅರ್ಥವಾಗುತ್ತದೆ. ಮನೆ ಬಾಡಿಗೆಗೆ ಕೊಟ್ಟವರಿದ್ದಾರೆ, ಗುತ್ತಿಗೆ ಕೆಲಸ ನಂಬಿದವರಿದ್ದಾರೆ. ಆದರೆ ಭಯ ಈಗಾಗಲೇ ಮನೆ ಮನೆಯಲ್ಲಿದೆ. ಮಗು ಕೆಮ್ಮಿದರೂ ಕಂಪೆನಿಯ ಹೊಗೆ, ಮೈ ತುರಿಸಿದರೂ ಕಂಪೆನಿಯ ಹೊಗೆ. ಲೆಕ್ಕ ಕೈಗೆ ಬಂದರೆ, ಕಡಿಮೆ ಇದ್ದ ಮನೆಯವರು ನೆಮ್ಮದಿಯಾಗಿ ಮಲಗುತ್ತಾರೆ. ಜಾಸ್ತಿ ಇದ್ದ ಮನೆಯವರಿಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಏನು ಮಾಡಬೇಕು ಅನ್ನುವುದು ನಮ್ಮ ಹುಡುಗನ ಮನೆಯಲ್ಲಿ ನಾನೇ ಕಂಡೆ. ಅಷ್ಟು ಮಟ್ಟಕ್ಕೆ ಔಷಧಿ ಕೊಡುವುದಿಲ್ಲ ಅಂದರು ಡಾಕ್ಟರ್. ಸೀಸ ಬರುವ ದಾರಿ ಮುಚ್ಚಬೇಕು ಅಷ್ಟೇ. ಅಪ್ಪ ಒಲೆ ಬಿಟ್ಟು ಅದೇ ಅಂಗಡಿಯಲ್ಲಿ ತೂಕದ ಕೆಲಸಕ್ಕೆ ಬಂದರು. ಸ್ನಾನ ಮಾಡಿ ಅಂಗಿ ಬದಲಿಸದೆ ಮಗುವನ್ನು ಎತ್ತಿಕೊಳ್ಳುವುದನ್ನು ಬಿಟ್ಟರು. ಅಮ್ಮ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ನೆಲ ಒರೆಸತೊಡಗಿದರು, ಒಣ ಪೊರಕೆ ದೂಳನ್ನು ಎಬ್ಬಿಸುತ್ತದೆ ಅಂತ. ಖಾಲಿ ಹೊಟ್ಟೆ ಸೀಸವನ್ನು ಜಾಸ್ತಿ ಹೀರುತ್ತದೆ, ಕ್ಯಾಲ್ಸಿಯಂ ಅದನ್ನು ತಡೆಯುತ್ತದೆ ಅಂತ ಓದಿದ ಮೇಲೆ ನಾನು ಕ್ಷೀರಭಾಗ್ಯದ ಹಾಲನ್ನು ಅವನು ಪೂರ್ತಿ ಕುಡಿಯುವವರೆಗೆ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಮೊಟ್ಟೆಯ ದಿನ ಮೊಟ್ಟೆ. ಕೆಲವು ತಿಂಗಳ ನಂತರ ಮತ್ತೆ ನೋಡಿದಾಗ 14 ಇದ್ದದ್ದು 9 ಆಗಿತ್ತು. ಬಳಪ ತಿನ್ನುವುದು ನಿಂತಿತ್ತು.

ಬೇಸಿಗೆ ರಜೆಗೆ ಅವರು ಊರಿಗೆ ಹೋದರು, ಅಲ್ಲೇ ಉಳಿದರು. ಟಿಸಿ ಬರೆದವಳು ನಾನೇ. ಹುಟ್ಟಿದ ದಿನ, ಜಾತಿ, ಮಚ್ಚೆ ಎಲ್ಲಿದೆ, ಎಲ್ಲದಕ್ಕೂ ಅದರಲ್ಲಿ ಜಾಗ ಇತ್ತು. ರಕ್ತದ ವಿಷಯ ಬರೆಯಲು ಜಾಗ ಇರಲಿಲ್ಲ. ಒಂದು ಬಿಳಿ ಹಾಳೆಯಲ್ಲಿ ಬರೆದು ಟಿಸಿಗೆ ಪಿನ್ ಹಾಕಿದೆ. ಅಲ್ಲಿನ ಟೀಚರ್ ಓದಿದರೋ ಇಲ್ಲವೋ.

ಆ ಶೆಡ್ಡಿನಲ್ಲಿ ಈಗ ಬೇರೆ ಸಂಸಾರ ಇದೆ. ಒಂದೂವರೆ ವರ್ಷದ ಮಗು ಇದೆ, ನೆಲದ ಮೇಲೆ ಅಂಬೆಗಾಲಿಡುತ್ತಾ ಇರುತ್ತದೆ. ಒಲೆ ಆರಿದೆ, ಆದರೆ ಹತ್ತು ವರ್ಷದ ಆಸಿಡ್ಡೂ ಸೀಸದ ಬೂದಿಯೂ ಆ ಮಣ್ಣಿನಲ್ಲೇ ಇದೆ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಮಗುವಿನ ಅಮ್ಮನಿಗೆ ಹೇಳಿದೆ, ಚಾಪೆ ಹಾಸಿ ಕೂರಿಸಿ ಅಂತ. ಅದಕ್ಕಿಂತ ಜಾಸ್ತಿ ನನ್ನ ಕೈಯಲ್ಲಿ ಏನಿದೆ? ಆ ಅಂಗಳದ ಮಣ್ಣನ್ನು ಅಗೆದು ತೆಗೆಸಲು ಹೇಳುವ ಅಧಿಕಾರ ನಿಮ್ಮದು. ಬ್ಯಾಟರಿ ತ್ಯಾಜ್ಯಕ್ಕೆ 2022ರಲ್ಲಿ ಬಂದ ನಿಯಮವನ್ನು ಗುಜರಿ ಅಂಗಡಿಯ ಬಾಗಿಲವರೆಗೆ ತರುವ ಅಧಿಕಾರವೂ ನಿಮ್ಮದೇ. ದಂಡ ಹಾಕಿ ಕೆಲಸ ನಿಲ್ಲಿಸಿದರೆ ಅವರು ಇನ್ನೊಂದು ಹಿತ್ತಲಿಗೆ ಹೋಗುತ್ತಾರೆ, ಅಲ್ಲೂ ಮಕ್ಕಳಿರುತ್ತಾರೆ. ಹಳೆ ಬ್ಯಾಟರಿಗೆ ಒಳ್ಳೆಯ ಬೆಲೆ ಕೊಟ್ಟು ಲೈಸೆನ್ಸ್ ಇರುವವರು ಕೊಳ್ಳುವ ಹಾಗೆ ಮಾಡಿದರೆ ಒಲೆ ತಾನಾಗಿ ಆರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮೊದಲ ಪರೀಕ್ಷೆಯನ್ನು ನಮ್ಮ ಶಾಲೆಯಲ್ಲೇ ಮಾಡಿ. ಹೆಡ್ ಮಿಸ್ ಒಪ್ಪಿದ್ದಾರೆ. ಶನಿವಾರ ಮಧ್ಯಾಹ್ನದ ಮೇಲೆ ಎರಡು ಕೋಣೆ ಖಾಲಿ ಇರುತ್ತದೆ, ಫ್ಯಾನ್ ಇದೆ, ಕೈ ತೊಳೆಯಲು ಆರು ನಲ್ಲಿ ಇವೆ. ಸೋಪು ನಾವು ತರುತ್ತೇವೆ. ಪಕ್ಕದ ಎರಡು ಅಂಗನವಾಡಿಯ ತಾಯಂದಿರಿಗೆ ನಾನು ಮನೆ ಮನೆಗೆ ಹೋಗಿ ಹೇಳುತ್ತೇನೆ, ತುಳುವಿನಲ್ಲಿ, ಕನ್ನಡದಲ್ಲಿ. ಬ್ಯಾರಿ ಭಾಷೆಗೆ, ಹಿಂದಿಗೆ ನಮ್ಮಲ್ಲೇ ಟೀಚರ್‌ಗಳಿದ್ದಾರೆ. ಆ ಶೆಡ್ಡಿನ ಮಗುವನ್ನು ನಾನೇ ಎತ್ತಿಕೊಂಡು ಬರುತ್ತೇನೆ. ಮಳೆ ಶುರುವಾಗುವ ಮೊದಲು ಒಂದು ದಿನ ಗೊತ್ತುಮಾಡಿ ತಿಳಿಸಿ.

ಇತಿ ನಮಸ್ಕಾರಗಳೊಂದಿಗೆ,
ಕೂಳೂರು ಕಡೆಯ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ